ಬಿಚ್ಚಬೇಡಿ ಎಂದ ಪೇಟೆಂಟ್ ಮೇಡಂ

ಮೇಡಂ ಎಡಗೈ ಬಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ನಾಲ್ಕು ಹಸಿರು ಗಾಜಿನವು, ಒಂದು ಚಿನ್ನದ್ದು. ಐದನ್ನೂ ಒಟ್ಟುಗೂಡಿಸಿ ಮೊಣಕೈ ಕಡೆಗೆ ತಳ್ಳಿ, ಮೇಲೊಂದು ಅಗಲದ ಬ್ಯಾಂಡ್ ಬಿಗಿಯುತ್ತಿದ್ದರು. ಫೋನಿನಲ್ಲಿ ಬಳೆ ಸದ್ದಾದರೆ ಆ ಕಡೆಯ ಎಂಜಿನಿಯರುಗಳಿಗೆ ಇವರು ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದಾರೆ ಅನ್ನಿಸುತ್ತದೆಂದು ಯಾರೋ ಒಮ್ಮೆ ಹೇಳಿದ್ದರಂತೆ. ಮೇಡಂ ಬಳೆ ತೆಗೆಯಲೂ ಒಪ್ಪಲಿಲ್ಲ, ಸದ್ದು ಮಾಡಿಸಲೂ ಒಪ್ಪಲಿಲ್ಲ. ಸಂಜೆ ಬ್ಯಾಂಡ್ ತೆಗೆದಾಗ ಕೈಮೇಲೆ ಒಂದು ಕೆಂಪು ಗೆರೆ ಉಳಿದಿರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತ, "ನಡಿ ಮಾರಾಯ, ಇವತ್ತಿಂದು ಮುಗೀತು" ಎಂದು ಎದ್ದು ಕಿಟಕಿ ಹಾಕುತ್ತಿದ್ದರು.

ತೀರ್ಥಹಳ್ಳಿಯಲ್ಲಿ ವಕೀಲರಿಗೇನೂ ಬರವಿಲ್ಲ. ಪಹಣಿ ತಿದ್ದಿಸುವವರು, ಹಿಸ್ಸೆ ಮಾಡಿಸುವವರು, ಅಣ್ಣತಮ್ಮಂದಿರ ದಾರಿ ತಕರಾರನ್ನು ಮೊಮ್ಮಕ್ಕಳ ಕಾಲದವರೆಗೆ ಎಳೆಯುವವರು, ಎಲ್ಲ ನಮೂನೆಯವರೂ ಸಿಗುತ್ತಾರೆ. ಪೇಟೆಂಟ್ ವಕೀಲರು ಅಂತ ಇದ್ದದ್ದು ಮೇಡಂ ಒಬ್ಬರೇ. ಹೊಸದೊಂದು ಯಂತ್ರ ಕಂಡುಹಿಡಿದವರು, ಇದು ನಮ್ಮದು, ನಮ್ಮ ಅಪ್ಪಣೆಯಿಲ್ಲದೆ ಬೇರೆಯವರು ಮಾಡಕೂಡದು ಎಂದು ಸರ್ಕಾರದಿಂದ ಪಡೆಯುವ ಹಕ್ಕಿಗೆ ಪೇಟೆಂಟ್ ಎನ್ನುತ್ತಾರೆ. ಆ ಹಕ್ಕಿಗೆ ಹಾಕುವ ಅರ್ಜಿ ಬರೆಯುವುದು ಮೇಡಂ ಕೆಲಸ. ಅದರಲ್ಲೂ ಎಲೆಕ್ಟ್ರಾನಿಕ್ಸ್ ಮತ್ತು ಸಂಪರ್ಕದ ಯಂತ್ರಗಳು ಮಾತ್ರ: ಆಂಟೆನಾ, ಟವರು, ಮೊಬೈಲು, ಸಿಗ್ನಲ್ಲು. ಬಸ್‌ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿಯ ಮೇಲೆ ಎರಡು ಕೋಣೆಯ ಕಚೇರಿ. ವಕೀಲರು ಎಂಬ ಬೋರ್ಡು ನೋಡಿ ಜಮೀನಿನ ಕಾಗದ ಹಿಡಿದು ಹತ್ತಿ ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಎದುರಿನ ಕಟ್ಟಡದ ವಕೀಲರ ಹತ್ತಿರ ಕಳಿಸುವುದೂ ಅವರ ದಿನಚರಿಯಲ್ಲಿ ಸೇರಿತ್ತು.

ಮೊದಲು ಅವರು ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಜಿನಿಯರು. ತಂತಿ ಫೋನಿನ ಕಾಲ ಮುಗಿಯುತ್ತ ಬಂತು ಎಂದು ಗೊತ್ತಾಗುತ್ತಲೇ ಕೆಲಸದಲ್ಲಿದ್ದುಕೊಂಡು ಕಾನೂನು ಓದಿದರು, ಪೇಟೆಂಟ್ ಪರೀಕ್ಷೆ ಪಾಸು ಮಾಡಿದರು, ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದು ತೀರ್ಥಹಳ್ಳಿಯಲ್ಲಿ ಕೂತರು. ಅವರ ಯಜಮಾನರು ಇಲ್ಲಿಯ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. "ಬೆಂಗಳೂರಿಗೆ ಹೋಗಬಹುದಿತ್ತಲ್ಲ ಮೇಡಂ" ಎಂದು ನಾನೊಮ್ಮೆ ಕೇಳಿದ್ದೆ. "ಹೋಗಿ? ಅಲ್ಲೂ ಬಾಗಿಲು ಹಾಕ್ಕಂಡು ಇದನ್ನೇ ಬರೀಬೇಕು. ಇಲ್ಲಾದ್ರೆ ಕಿಟಕಿ ತೆಗೆದ್ರೆ ಹೊಳೆ ಗಾಳಿನಾದ್ರೂ ಬರತ್ತೆ" ಎಂದರು.

ನಾನು ಐಟಿಐ ಮುಗಿಸಿ ಪಂಚಾಯಿತಿಗೆ ಮನೆ ನಕ್ಷೆ ಬರೆದುಕೊಡುತ್ತಿದ್ದವನು. ಪೇಟೆಂಟ್ ಅರ್ಜಿಗೆ ಚಿತ್ರಗಳು ಬೇಕು. ಬಣ್ಣವಿಲ್ಲ, ನೆರಳಿಲ್ಲ, ಬರೀ ಕಪ್ಪು ಗೆರೆ, ಪ್ರತಿ ಭಾಗಕ್ಕೂ ಒಂದು ಸಂಖ್ಯೆ. ಆ ಚಿತ್ರ ಬರೆಯಲು ನನ್ನನ್ನು ಕರೆದರು. ಮೊದಲ ದಿನ ನನ್ನ ನಕ್ಷೆಗಳನ್ನು ತಿರುವಿ ಹಾಕಿ, "ಗೆರೆ ಚೆನ್ನಾಗಿದೆ. ಆದ್ರೆ ನೀನು ಬಾಗಿಲು ಇಡೋದನ್ನ ಮರೀಬೇಕು. ಮನೆ ನಕ್ಷೇಲಿ ಒಳಗೆ ಹೆಂಗೆ ಹೋಗೋದು ಅಂತ ತೋರಿಸ್ತೀವಿ. ನಮ್ಮ ನಕ್ಷೇಲಿ ಯಾರೂ ಎಲ್ಲಿಂದಲೂ ನುಗ್ಗಬಾರದು" ಎಂದರು. ಭಾಗಗಳಿಗೆ ನೂರು, ನೂರಾ ಎರಡು, ನೂರಾ ನಾಲ್ಕು ಎಂದು ಒಂದೊಂದು ಅಂಕೆ ಬಿಟ್ಟು ಸಂಖ್ಯೆ ಕೊಡಿಸುತ್ತಿದ್ದರು. ಎಂತಕ್ಕೆ ಎಂದು ಕೇಳಿದರೆ, "ನಡುವೆ ನೆಂಟರು ಬಂದ್ರೆ ಕೂರಕ್ಕೆ ಜಾಗ ಬೇಕಲ್ಲನಾ" ಅನ್ನುತ್ತಿದ್ದರು.

ಅರ್ಜಿ ಒಂದು ಹದಕ್ಕೆ ಬಂದ ಮೇಲೆ ಅವರು ಆಡುತ್ತಿದ್ದ ಆಟ ನನಗೆ ತುಂಬ ಇಷ್ಟ. ಮೇಜಿನ ಆಚೆ ಬದಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಈಗ ನಾನು ಕಳ್ಳಿ" ಎಂದು ನಿಲ್ಲುತ್ತಿದ್ದರು. "ನೀನು ಎರಡು ಆಂಟೆನಾ ಅಂದಿದೀಯ. ನಾ ಮೂರು ಹಾಕ್ತೀನಿ. ಹಿಡಿ ನೋಡಣ." ಬರೆದ ವಾಕ್ಯಗಳಲ್ಲಿ ಅವರನ್ನು ನಾನು ಹಿಡಿಯಬೇಕು. ಹಿಡಿಯಲಾಗದಿದ್ದರೆ ಆ ವಾಕ್ಯ ಸೋರುತ್ತದೆ ಎಂದು ಅರ್ಥ. ಮತ್ತೆ ಕೂತು ಬರೆಯುತ್ತಿದ್ದರು. ಐವತ್ತೈದು ದಾಟಿದ ಹೆಂಗಸು ಕಳ್ಳಿಯ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಮೇಜಿನ ಸುತ್ತ ಓಡಾಡುವುದನ್ನು ಕೆಳಗಿನ ಟೈಲರ್ ಒಮ್ಮೆ ನೋಡಿಬಿಟ್ಟ. ಮೇಡಮ್ಮಿಗೆ ಹುಷಾರಿಲ್ವಾ ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದ.

ಈ ಕೆಲಸದಲ್ಲಿ ಬರೆಯುವುದಕ್ಕಿಂತ ಕಷ್ಟ ಬಾಯಿ ಮುಚ್ಚಿಕೊಂಡಿರುವುದು. ಅರ್ಜಿ ಹಾಕಿದ ದಿನದಿಂದ ಹದಿನೆಂಟು ತಿಂಗಳು ಅದರೊಳಗಿನ ವಿಷಯ ಗುಟ್ಟು. ಆಮೇಲೆ ಒಂದು ಶುಕ್ರವಾರ ಸರ್ಕಾರದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅಲ್ಲಿಯವರೆಗೆ ಹೆಂಡತಿಗೂ ಹೇಳುವಂತಿಲ್ಲ, ದೇವರಿಗೂ ಹೇಳುವಂತಿಲ್ಲ. ಮೇಡಂ ಅದನ್ನು ಆನೆ ಬಸಿರು ಅನ್ನುತ್ತಿದ್ದರು. ನನ್ನಿಂದ ಸಹಿ ಹಾಕಿಸಿಕೊಳ್ಳುವಾಗ, "ಓದಿ ಹಾಕು. ಆಮೇಲೆ ಕೆಲಸ ಬಿಡಬಹುದು, ಈ ಸಹಿ ಬಿಡಕ್ಕೆ ಬರಲ್ಲ" ಎಂದು ಎಚ್ಚರಿಸಿದ್ದರು. ನಾನು ಓದಲಿಲ್ಲ. ಸಂಬಳದ ಕೆಲಸ ಸಿಕ್ಕಿದ ಖುಷಿಯಲ್ಲಿ ಹಾಕಿಬಿಟ್ಟೆ.

ಅವರ ಯಜಮಾನರು ತಮಾಷೆಯ ಮನುಷ್ಯ. "ಇವಳ ಕೆಲಸದಲ್ಲಿ ನಂಗೆ ಗೊತ್ತಿಪ್ದು ಎಷ್ಟು ಹೊತ್ತಿಗೆ ಕಾಫಿ ಅಂತ ಮಾತ್ರ" ಅನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಹೆಂಗಸರು ನಿಂಗೆ ಆಫೀಸಲ್ಲಿ ಎಂತ ಕೆಲಸ ಎಂದರೆ ಮೇಡಂ ಟೈಪಿಂಗ್ ಎಂದುಬಿಡುತ್ತಿದ್ದರು. ಒಮ್ಮೆ ಅವರ ಸ್ವಂತ ತಮ್ಮ ತನ್ನ ಹೋಂಸ್ಟೇಗೆಂದು ಒಂದು ಕಂಪನಿಯ ಸಿಗ್ನಲ್ ಪೆಟ್ಟಿಗೆಗಳನ್ನು ಕೋಣೆಗೊಂದರಂತೆ ಕೊಂಡು ತಂದು, ಅಕ್ಕನಿಗೆ ತೋರಿಸಲು ಕಚೇರಿಗೇ ಬಂದ. ಅದೇ ಕಂಪನಿ ಆ ಪೆಟ್ಟಿಗೆಯನ್ನು ಕೈಬಿಟ್ಟು ಬೇರೆ ಥರದ್ದು ಮಾಡುತ್ತಿದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಹೊಸದರ ಅರ್ಜಿ ನಮ್ಮ ಕಂಪ್ಯೂಟರಿನಲ್ಲೇ ಇತ್ತು. ಮೇಡಂ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ತಮ್ಮ ಮನೆಮಾತಿನಲ್ಲಿ "ಬಣ್ಣ ಚೆನ್ನಾಗಿದ್ದು" ಎಂದರು. ಆತ ಹೋದ ಮೇಲೆ ಬಹಳ ಹೊತ್ತು ಟೈಪು ಮಾಡಲಿಲ್ಲ. ವರ್ಷ ಕಳೆಯುವುದರೊಳಗೆ ಆ ಪೆಟ್ಟಿಗೆಗಳಿಗೆ ರಿಪೇರಿ ಸಿಗದಂತಾಗಿ, ಅಕ್ಕನಿಗೆ ಏನೂ ತಿಳಿಯಲ್ಲ, ಬರೀ ಬಣ್ಣ ನೋಡ್ತಾಳೆ ಎಂದು ಅವನು ಊರಿಡೀ ನಗಾಡಿದ. ಮೇಡಂ ಕೂಡ ನಕ್ಕರು. ಆಗ ನನಗೂ ನಗು ಬಂದಿತ್ತು. ನನ್ನ ಸರದಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ಅದೊಂದು ಆಷಾಢದಲ್ಲಿ ಬೆಂಗಳೂರಿನ ಕಂಪನಿಯೊಂದರ ಕಡತ ಬಂತು. ನಮಗೆ ಹೆಚ್ಚಿನ ಕೆಲಸ ಕೊಡುತ್ತಿದ್ದ ಕಂಪನಿಯೇ ಅದು. ಕಾಡಿನ ನಡುವೆ ಕಂಬದಿಂದ ಕಂಬಕ್ಕೆ ಎಳೆದ ಇಂಟರ್ನೆಟ್ ಕೇಬಲ್ ಎಲ್ಲಿ ಕಡಿದಿದೆ ಎಂದು ಹುಡುಕುವ ಯಂತ್ರ. ಕಂಬಕ್ಕೊಂದು ಪುಟ್ಟ ಡಬ್ಬಿ. ನನ್ನ ಹತ್ತಿರ ಕೇಬಲಿಗೆ ಜೀವ ಇದೆ ಎಂದು ಒಂದು ಡಬ್ಬಿ ಪಕ್ಕದ ಕಂಬದ ಡಬ್ಬಿಗೆ ರೇಡಿಯೋ ಅಲೆಯಲ್ಲಿ ಕೂಗಿ ಹೇಳುತ್ತದೆ, ಅದು ಅದರಾಚೆಯದಕ್ಕೆ. ಮರ ಬಿದ್ದು ಕೇಬಲ್ ಹರಿದರೆ, ಎಷ್ಟನೇ ಕಂಬದಿಂದ ಆಚೆ ಜೀವ ಇಲ್ಲ ಎಂದು ಕಚೇರಿಯ ಫೋನಿಗೆ ಮೆಸೇಜು ಬರುತ್ತದೆ. ನಾನು ಏಳು ಚಿತ್ರ ಬರೆದೆ. ಮೇಡಂ ಎರಡು ದಿನ ಕಳ್ಳಿಯಾಗಿ ಓಡಾಡಿ, ಎಲ್ಲ ಕಂಡಿ ಮುಚ್ಚಿ, ಅರ್ಜಿ ಹಾಕಿದರು.

ಚೌತಿಗೆ ಹೊಸನಗರದ ಅಕ್ಕನ ಮನೆಗೆ ಹೋದೆ. ಭಾವ ಅಲ್ಲಿ ಒಂದು ಕೇಬಲ್ ಸಂಸ್ಥೆಯಲ್ಲಿ ಲೈನ್ ನೋಡುವ ಕೆಲಸದಲ್ಲಿದ್ದರು. ಹೊಸನಗರದಿಂದ ಮಾಸ್ತಿಕಟ್ಟೆಯವರೆಗೆ ಕಾಡಿನೊಳಗೆ ಕೇಬಲ್ ಎಲ್ಲಿ ಹರಿದರೂ ಇವರೇ ಹುಡುಕಿಕೊಂಡು ಹೋಗಬೇಕು. ಮಳೆಗಾಲದಲ್ಲಿ ಮನೆಗೆ ಬಂದರೆ ಮೊದಲು ಕಾಲಿಗೆ ಅಂಟಿ ರಕ್ತ ಹೀರುವ ಉಂಬಳ ಕಿತ್ತು ಬಿಸಾಕಿ, ಆಮೇಲೆ ಮಾತು. ಆವತ್ತು ಕಡುಬು ತಿಂದು ಕೈ ತೊಳೆಯುತ್ತಲೇ ನನ್ನನ್ನು ಮನೆ ಹಿಂದಿನ ಷೆಡ್ಡಿಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಒಂದು ಸ್ವೀಟ್ ಡಬ್ಬಿಯನ್ನು ಕೈಗಿಟ್ಟರು. ಒಳಗೆ ಒಂದು ಚಿಕ್ಕ ಬೋರ್ಡು, ಬ್ಯಾಟರಿ, ಮೂರು ಬೆರಳುದ್ದದ ಆಂಟೆನಾ.

"ಇದಕ್ಕೆ ಕೂಗು ಅಂತ ಹೆಸರಿಟ್ಟೀನಿ ಕಣಾ. ನಮ್ಮ ಕಡೆ ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕಲ್ವ, ಹಂಗೇಯ. ಕಂಬಕ್ಕೊಂದು ಕಟ್ಟಿದ್ರೆ ಒಂದಕ್ಕೊಂದು ಕೂಗ್ಕಂತ ಹೋಗ್ತವೆ. ಎಲ್ಲಿ ಕಡಿದದೆ ಅಂತ ಫೋನಿಗೇ ಬತ್ತದೆ. ಕಾಡು ಸುತ್ತದು ತಪ್ತು."

ಅದು ನನ್ನ ಮೂರನೇ ಚಿತ್ರ. ಗೆರೆಗೆ ಗೆರೆ ಅದೇ. ನೂರು ಎಂದು ನಾನು ಬರೆದ ಡಬ್ಬಿ, ನೂರಾ ಎರಡು ಎಂದು ಬರೆದ ಆಂಟೆನಾ ಇಲ್ಲಿ ಭಾವನ ಅಂಗೈ ಮೇಲೆ ಕೂತಿದ್ದವು. ಕಂಪನಿಯವರು ಇವರನ್ನು ಕಂಡಿರಲಿಲ್ಲ, ಇವರು ಕಂಪನಿಯವರನ್ನು ಕಂಡಿರಲಿಲ್ಲ.

"ಹೆಂಗಿದೆ?" ಎಂದರು ಭಾವ. ಹೊಸ ಸೈಕಲ್ ತೋರಿಸುವ ಮಗುವಿನ ಮುಖ ಅವರದು.

"ಚೆನ್ನಾಗಿದೆ ಭಾವ" ಎಂದೆ.

ಸೋಮವಾರ ಕಚೇರಿಗೆ ಹೋದವನೇ ಮೇಡಮ್ಮಿಗೆ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ನೀನು ಎಂತ ಅಂದೆ?" ಎಂದು ಕೇಳಿದರು. ಚೆನ್ನಾಗಿದೆ ಅಂದೆ ಎಂದೆ. "ಅಷ್ಟೇನಾ?" "ಅಷ್ಟೇ." ಅವರು ಉಸಿರು ಬಿಟ್ಟದ್ದು ಕೇಳಿಸಿತು.

"ನಂಗೂ ಹೇಳಬಾರದಿತ್ತು ನೀನು" ಎಂದರು. "ಇರಲಿ. ಒಂದೇ ಗುಡುಗಿಗೆ ಎರಡು ಕಡೆ ಅಣಬೆ ಏಳಲ್ವನಾ, ಹಂಗೆ ಇದು. ಯಾರೂ ಯಾರದ್ದೂ ಕದ್ದಿಲ್ಲ."

"ಭಾವ ಯಾವಾಗ ಮಾಡಿದ್ದು ಅಂತ ಕೇಳ್ಲಾ ಮೇಡಂ? ನಮ್ಮ ಅರ್ಜಿಗಿಂತ ಮೊದಲೇ ಕಂಬಕ್ಕೆ ಕಟ್ಟಿದ್ರೆ ನಮ್ಮದು ಹೊಸತು ಅಂತ ಆಗಲ್ವಲ್ಲ..."

"ಕೇಳಬೇಡ. ಗೊತ್ತಾದ್ರೆ ಕಂಪನಿಗೆ ಹೇಳಬೇಕಾಗತ್ತೆ. ಹೇಳಿದ್ರೆ ಅವರ ಕಣ್ಣು ನಿನ್ನ ಭಾವನ ಮೇಲೆ ಬೀಳತ್ತೆ. ನೀನೂ ಕೇಳಬೇಡ, ನಾನೂ ಕೇಳಲ್ಲ."

ನಾವಿಬ್ಬರೂ ಕೇಳದಿದ್ದರೆ ಆಯಿತೇ? ಅಕ್ಕ ಸುಮ್ಮನಿರಬೇಕಲ್ಲ. ನಮ್ಮ ತಮ್ಮ ಕೆಲಸ ಮಾಡೋದೇ ಪೇಟೆಂಟ್ ವಕೀಲರ ಹತ್ರ, ಹೋಗಿ ಒಂದು ಅರ್ಜಿ ಹಾಕಿಸಿ ಎಂದು ಭಾವನ ಬೆನ್ನು ಹತ್ತಿದ್ದಳು. ಮುಂದಿನ ವಾರವೇ ಭಾವ ಬಸ್ಸು ಹತ್ತಿ ತೀರ್ಥಹಳ್ಳಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಡಬ್ಬಿ, ಇನ್ನೊಂದು ಕೈಯಲ್ಲಿ ಮೇಡಮ್ಮಿಗೆಂದು ಒಂದು ಬಾಟಲಿ ಜೇನು. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡಿ ನಕ್ಕರು. ಟವೆಲಿನ ಗಂಟಿಗೆ ಕೈ ಹಾಕಿದರು.

ಮೇಡಂ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ನೇರ ಹೋಗಿ ಭಾವನ ಕೈಯ ಮೇಲೆ ಕೈಯಿಟ್ಟು, "ಬಿಚ್ಚಬೇಡಿ" ಎಂದರು.

ಭಾವ ಗಾಬರಿಯಾದರು. "ಅಲ್ಲ ಮೇಡಂ, ಒಂದ್ಸಲ ನೋಡಿ. ಇದು ಎಂತ ಅಂದ್ರೆ..."

"ಒಂದು ಮಾತೂ ಹೇಳಬೇಡಿ. ನಿಮ್ಮ ಕೆಲಸ ತಗಳಕ್ಕೆ ನಂಗೆ ಆಗಲ್ಲ. ಕಾರಣ ಕೇಳಬೇಡಿ." ಹಾಗೆಯೇ ನಿಂತು ಒಂದು ಚೀಟಿಯಲ್ಲಿ ಮಂಗಳೂರಿನ ವಕೀಲರೊಬ್ಬರ ವಿಳಾಸ ಬರೆದುಕೊಟ್ಟರು. "ಇವರ ಹತ್ರ ಹೋಗಿ. ಈ ವಾರವೇ ಹೋಗಿ. ಮುಂದಿನ ವಾರ ಅಲ್ಲ, ಈ ವಾರ. ಅಲ್ಲೀವರೆಗೆ ಯಾರಿಗೂ ತೋರಿಸಬೇಡಿ. ಈಗ ಹೊರಡಿ."

ಕೂರಿ ಎನ್ನಲಿಲ್ಲ. ಕೂತರೆ ಭಾವ ಮಾತಾಡುತ್ತಾರೆ, ಮಾತಾಡಿದರೆ ಇವರು ಕೇಳಿದ ಹಾಗೆ ಆಗುತ್ತದೆ. ಪಹಣಿ ತಿದ್ದಿಸಲು ದಾರಿ ತಪ್ಪಿ ಬಂದವರಿಗೂ ಕಾಫಿ ಕೊಟ್ಟು ಕಳಿಸುವ ಹೆಂಗಸು, ಹೊಸನಗರದಿಂದ ಬಂದ ನನ್ನ ಭಾವನನ್ನು ಒಂದು ಲೋಟ ನೀರೂ ಕೊಡದೆ ಬಾಗಿಲಿಂದಲೇ ಕಳಿಸಿದರು. ನಮ್ಮ ಕಡೆ ಜಗಳಕ್ಕೆ ಬಂದವನಿಗೂ ಬೆಲ್ಲ ನೀರು ಕೊಟ್ಟ ಮೇಲೇ ಜಗಳ. ಭಾವ ಮೆಟ್ಟಿಲಿಳಿದು ಹೋದರು. ನಾನು ಹಿಂದೆ ಹೋಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಯಾವುದೋ ಗೆರೆಯನ್ನು ಅಳಿಸಿ ಅಳಿಸಿ ಎಳೆಯುತ್ತಿದ್ದೆ.

ಮೇಡಂ ಕುರ್ಚಿ ಎತ್ತಿಟ್ಟುಕೊಂಡು ಕೂತರು. "ಈ ವಾರವೇ ಅಂತ ನಾನು ಹೇಳಬಾರದಿತ್ತು" ಎಂದರು. "ಅಷ್ಟು ಹೇಳಿದ್ದೂ ತಪ್ಪೇ. ಜಾಣ ಆದ್ರೆ ಅದರಲ್ಲೇ ತಿಳ್ಕತಾನೆ."

ಭಾವ ಜಾಣರೇ. ಆದರೆ ಅವಮಾನವಾದವನಿಗೆ ಜಾಣತನ ಎಲ್ಲಿಂದ ಬರಬೇಕು? ಚೀಟಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಹರಿದು ಹಾಕಿದರು. "ದೊಡ್ಡ ದೊಡ್ಡ ಕಂಪನಿ ಕೆಲಸ ಮಾಡೋರಿಗೆ ನಾವು ಎಂತಕ್ಕೆ? ಒಂದು ಲೋಟ ನೀರು ಕೊಡಲಿಲ್ಲ ಮಾರಾಯ್ರೆ" ಎಂದು ಹೊಸನಗರದಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದರು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆಯುಧಪೂಜೆಯ ದಿನ ಷೆಡ್ಡಿನಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು, ಹೂ ಮುಡಿಸಿ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಕೇಬಲಿನವರನ್ನು ಕರೆದರು. ಮಂಗಳಾರತಿ ಆದ ಮೇಲೆ ಕುಂಬಳಕಾಯಿ ಒಡೆದು, ಡಬ್ಬಿ ಬಿಚ್ಚಿ, ಯಾವ ತಂತಿ ಎಲ್ಲಿಗೆ ಎಂದು ಕಪ್ಪು ಹಲಗೆಯ ಮೇಲೆ ಬರೆದು ಹೇಳಿಕೊಟ್ಟರು. "ವಿದ್ಯೆ ಮುಚ್ಚಿಡೋರು ಮುಚ್ಚಿಡಲಿ, ನಂದು ಬಿಚ್ಚಿಟ್ಟೀನಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಮಗೂ ಮಾಡಿಕೊಡಿ ಎಂದರು. ಇನ್ನು ಅವರೇ ಅರ್ಜಿ ಹಾಕಿದರೂ ನಿಲ್ಲುವಂತಿರಲಿಲ್ಲ. ಊರಿಗೆಲ್ಲ ಹೇಳಿದ ಮೇಲೆ ಹೊಸತು ಎಂದು ಕೇಳುವುದು ಹೇಗೆ? ಅದರ ಮರುವಾರ ಭಾವ ಕೆಲಸಕ್ಕೆ ರಾಜೀನಾಮೆ ಕೊಟ್ಟು ಡಬ್ಬಿ ಮಾಡಲು ಕೂತರು. ಕಂಪನಿಗೆ ಹಕ್ಕು ಸಿಕ್ಕಿದ ದಿನದಿಂದ ಅವನ್ನು ಮಾಡುವಂತಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

ರಾಜೀನಾಮೆಯ ಸುದ್ದಿ ಕೇಳಿದ ದಿನ ನಾನು ಮೇಡಂ ಎದುರು ನಿಂತು ಕೂಗಾಡಿದೆ. ಅಷ್ಟು ವರ್ಷದಲ್ಲಿ ಅದೊಂದೇ ಸಲ. ಇವತ್ತೇ ಹೋಗಿ ಹೇಳಿಬಿಡುತ್ತೇನೆ, ನನ್ನ ಅಕ್ಕನ ಸಂಸಾರ ಅದು, ಕೆಲಸ ಹೋದರೆ ಹೋಗಲಿ ಎಂದೆ.

"ಕೆಲಸ ಬಿಡು ಬೇಕಾದ್ರೆ. ಬಿಟ್ರೂ ಬಾಯಿ ಬಿಡಂಗಿಲ್ಲ" ಎಂದರು ಮೇಡಂ. "ಎರಡೂ ಕಡೇದು ಗೊತ್ತಾದ ಮೇಲೆ ಇಟ್ಕಳದು ಸರಿಯಲ್ಲ ಅಂತ ನಾನು ಆ ಕಡತ ಕಂಪನಿಗೆ ವಾಪಸ್ ಕಳ್ಸಿ ಆಗ್ಲೇ ತಿಂಗಳಾಯ್ತು. ಇನ್ನು ಅವರ ಯಾವ ಕೆಲಸವೂ ನಮಗೆ ಬರಲ್ಲ. ಹಂಗಂತ ಗೊತ್ತಿರೋದು ಗೊತ್ತಿಲ್ದಂಗೆ ಆಗತ್ತಾ? ಕಡತ ಹೋಯ್ತು, ಗುಟ್ಟು ಇಲ್ಲೇ ಉಳೀತು."

"ಹೇಳಿದ್ರೆ ಎಂತಾಗತ್ತೆ ಮೇಡಂ?"

"ನಿನ್ನ ಭಾವ ಉಳೀತಾನೆ. ಆಮೇಲೆ ಯಾವನಾದ್ರೂ ಬಡಪಾಯಿ ತಾನು ಕಂಡುಹಿಡಿದದ್ದನ್ನ ಟವೆಲಲ್ಲಿ ಸುತ್ಕಂಡು ನಮ್ಮಂಥೋರ ಹತ್ರ ಬಂದ್ರೆ, ಅವನು ಯಾರನ್ನ ನಂಬ್ತಾನೆ?"

ಉತ್ತರ ಸರಿಯಾಗಿತ್ತು. ಸರಿಯಾಗಿತ್ತು ಎಂಬುದಕ್ಕೇ ನನಗೆ ಸಿಟ್ಟು. "ನಿಮಗೆ ನಿದ್ದೆ ಬರತ್ತಾ ಮೇಡಂ?" ಎಂದು ಕೇಳಿಬಿಟ್ಟೆ.

"ಇಲ್ಲ" ಎಂದರು. ಅಷ್ಟೇ ಹೇಳಿ, ನನಗೆ ಕಾಫಿ ತರಲು ಒಳಗೆ ಹೋದರು.

ಆಮೇಲಿನ ದಿನಗಳು ಹೇಗೆ ಕಳೆದವೋ. ದೀಪಾವಳಿಗೆ ಅಕ್ಕನ ಮನೆಗೆ ಹೋಗಲಿಲ್ಲ, ಜ್ವರ ಎಂದೆ. ಯುಗಾದಿಗೆ ಕೆಲಸ ಎಂದೆ. ಅಕ್ಕ ಫೋನು ಮಾಡಿ, "ನಿಮ್ಮ ಮೇಡಂ ಹತ್ರ ಇನ್ನೊಂದ್ಸಲ ಕೇಳಿ ನೋಡಾ, ಇವ್ರಿಗೆ ಸಿಟ್ಟು ಜಾಸ್ತಿ, ಮನಸು ಒಳ್ಳೇದು" ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ತೀರ್ಥಹಳ್ಳಿಯ ರಸ್ತೆ ಬದಿಯ ಕಂಬಗಳ ಮೇಲೂ ಭಾವನ ಡಬ್ಬಿಗಳು ಕಾಣಿಸಿಕೊಂಡವು. ನಮ್ಮ ಕಚೇರಿಯ ಕಿಟಕಿಯ ನೇರಕ್ಕಿದ್ದ ಕಂಬಕ್ಕೇ ಒಂದು ಬಂತು. ಮೇಡಂ ಆ ಕಿಟಕಿ ತೆಗೆಯುವುದನ್ನು ನಿಲ್ಲಿಸಿದರು. ಹೊಳೆ ಗಾಳಿಯಿಲ್ಲದೆ ಕೋಣೆ ಧಗೆಯಾಡುತ್ತಿತ್ತು. ನಾವಿಬ್ಬರೂ ಅದರೊಳಗೆ ಕೂತು ಯಾರ್‍ಯಾರದೋ ಬೇಲಿಗಳನ್ನು ಭದ್ರ ಮಾಡುತ್ತಿದ್ದೆವು. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ವರ್ಷದ ಸಂಕ್ರಾಂತಿಯ ಆಸುಪಾಸಿನ ಒಂದು ಶುಕ್ರವಾರಕ್ಕೆ ಮೇಡಂ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. "ಅವತ್ತು ಹೊಸನಗರಕ್ಕೆ ನಾನೇ ಬರ್ತೀನಿ. ನಿನ್ನ ಭಾವನ ಮನೇಲಿ ಕೂತು ನೀರು ಕೇಳಿ ಕುಡೀತೀನಿ" ಎಂದಿದ್ದರು.

ಆ ಶುಕ್ರವಾರ ಅವರಿಗೆ ಸಿಗಲಿಲ್ಲ. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತರು. ಟೈಲರ್ ಮತ್ತು ನಾನು ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಮಧ್ಯಾಹ್ನದ ಹೊತ್ತಿಗೆ ಮುಗಿದಿತ್ತು. ನಾನು ಮಕ್ಕಳ ಹಾಗೆ ಅತ್ತೆ. ನನಗೆ ಕೆಲಸ ಕಲಿಸಿದವರು, ಅಕ್ಷರಕ್ಕೆ ಬೆಲೆ ಇದೆ ಎಂದು ತೋರಿಸಿಕೊಟ್ಟವರು, ನನ್ನ ಜೊತೆಗೆ ಆ ಗುಟ್ಟನ್ನು ಹೊತ್ತಿದ್ದ ಒಬ್ಬರೇ ಒಬ್ಬರು. ಅಕ್ಕ ಬಂದಳು. ಭಾವ ಬರಲಿಲ್ಲ. "ನಂಗೂ ಅವರಿಗೂ ಎಂತ ಸಂಬಂಧ" ಅಂದರಂತೆ. ಇನ್ನು ಯಾರಿಗೆ ಹೆದರಬೇಕು, ಹೇಳಿಬಿಡಲೇ ಎಂದು ಹದಿಮೂರು ದಿನವೂ ಯೋಚಿಸಿದೆ. ಮೇಡಂ ಇಲ್ಲ ಎಂದಮಾತ್ರಕ್ಕೆ ನನ್ನ ಸಹಿ ಅಳಿಸಿಹೋಗುವುದಿಲ್ಲವಲ್ಲ. ಸುಮ್ಮನಾದೆ.

ಮೇಡಂ ಸುತ್ತು ಹಾಕಿದ್ದ ಶುಕ್ರವಾರ ಪತ್ರಿಕೆ ಬಂತು. ಅರ್ಜಿಯನ್ನು ಚಿತ್ರಗಳ ಸಮೇತ ಪ್ರಿಂಟ್ ತೆಗೆದುಕೊಂಡು ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ. ಇದು ಈಗ ಬಹಿರಂಗ, ಯಾರು ಬೇಕಾದರೂ ಓದಬಹುದು, ಇದಕ್ಕೆ ಆಕ್ಷೇಪಣೆ ಹಾಕಬಹುದು, ಮಂಗಳೂರಿನ ವಕೀಲರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ.

ಒಂದೂ ಹೇಳಲಾಗಲಿಲ್ಲ. ಭಾವ ಷೆಡ್ಡಿನ ಬೆಂಚಿನ ಮೇಲೆ ಹಾಳೆಗಳನ್ನು ಹರಡಿ ನೋಡಿದರು. ಇಂಗ್ಲಿಷ್ ಓದುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ, ಚಿತ್ರಗಳಿಗೆ ಹೋದರು. ಸಂಖ್ಯೆಯಿಂದ ಭಾಗಕ್ಕೆ ಎಳೆಯುವ ಗೆರೆಯನ್ನು ನಾನು ತುದಿಯಲ್ಲಿ ಸ್ವಲ್ಪ ಬಗ್ಗಿಸುತ್ತೇನೆ, ಅದು ನನ್ನ ಅಭ್ಯಾಸ. ಭಾವನ ಮನೆಯ ನಕ್ಷೆ ಬರೆದವನೂ ನಾನೇ. ಅವರ ಬೆರಳು ಮೂರನೇ ಚಿತ್ರದ ಮೇಲೆ ನಿಂತಿತು.

"ಇದು ನಿನ್ನ ಗೆರೆ."

"ಹೌದು ಭಾವ."

ಅರ್ಜಿ ಹಾಕಿದ ದಿನಾಂಕ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಮನಸ್ಸಿನಲ್ಲೇ ಎಣಿಸಿದರು. "ಮಾಸ್ತಿಕಟ್ಟೆ ರಸ್ತೆ ಕಂಬಕ್ಕೆ ನಾನು ಮೊದಲನೇದು ಕಟ್ಟಿದ್ದು ಅದರ ಹಿಂದಿನ ಮಳೆಗಾಲ. ಲೈನಿನ ಹುಡುಗ್ರೆಲ್ಲ ನೋಡಿದಾರೆ" ಎಂದರು. ಮೇಡಂ ಕೇಳಬಾರದು ಎಂದಿದ್ದ ಪ್ರಶ್ನೆಯ ಉತ್ತರ ಅದು. ಅದರ ಬಲದ ಮೇಲೆಯೇ ಮಂಗಳೂರಿನವರು ಆಕ್ಷೇಪಣೆ ಹಾಕಿದ್ದಾರೆ, ಇನ್ನೂ ನಡೆಯುತ್ತಿದೆ. ಅದು ಮುಗಿಯುವವರೆಗೆ ಹೊಸ ಡಬ್ಬಿ ಮಾಡಬೇಡಿ ಎಂದಿದ್ದಾರೆ. ಭಾವ ಈಗ ಆಯುಧಪೂಜೆಯ ದಿನ ತಾವೇ ಪಾಠ ಹೇಳಿಕೊಟ್ಟವನೊಬ್ಬನ ಕೈಕೆಳಗೆ ಲೈನ್ ನೋಡುತ್ತಾರೆ.

ಆದರೆ ಆ ಹೊತ್ತಿನಲ್ಲಿ ಅವರಿಗೆ ಬೇಕಾಗಿದ್ದದ್ದು ಅದಲ್ಲ.

"ಅವತ್ತು ಬಿಚ್ಚಬೇಡಿ ಅಂದಾಗ ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಚೌತಿಗೆ ಬಂದಿದ್ಯಲ್ಲ, ನಿಂಗೆ?"

ಅಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು. "ಗೊತ್ತಿತ್ತು" ಎಂದೆ.

ಭಾವ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸರಿಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಅವರು ನಂಗೆ ಯಾರೂ ಅಲ್ಲ" ಎಂದರು ಮೆಲ್ಲಗೆ. "ಆದ್ರೂ ಓಡಿ ಬಂದು ಕೈ ಹಿಡಿದ್ರು. ಈ ವಾರವೇ ಹೋಗಿ, ಈ ವಾರವೇ ಹೋಗಿ ಅಂತ ಬಡ್ಕಂಡ್ರು. ಸಿಟ್ಟಲ್ಲಿ ಕೇಳದೇ ಹೋದೋನು ನಾನು, ಆ ತಪ್ಪು ನಂದು. ಅವರ ಕೈಲಿ ಆದಷ್ಟು ಅವರು ಹೇಳಿದ್ರು. ನೀನು ಎಂತ ಹೇಳ್ದೆ?"

ನಾನು ಅಕ್ಕನ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು.

"ಚೆನ್ನಾಗಿದೆ ಅಂದೆ ನೀನು" ಎಂದರು ಭಾವ.

ಮರುದಿನ ಅವರು ತೀರ್ಥಹಳ್ಳಿಗೆ ಹೋಗಿ ಮೇಡಂ ಯಜಮಾನರನ್ನು ಕಂಡು, ತಪ್ಪಾಯಿತು ಎಂದು ಕೈಮುಗಿದು ಬಂದರಂತೆ. ನನ್ನ ಜೊತೆಯೂ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಎಲೆ ಮೇಲೆ ಇನ್ನೆರಡು ಕಡುಬು ಹಾಕಿಸುತ್ತಾರೆ. ಅವರ ಕೈ ಸುಮ್ಮನಿರುವ ಕೈಯಲ್ಲ, ಷೆಡ್ಡಿನಲ್ಲಿ ಈಗಲೂ ಏನೋ ಮಾಡುತ್ತಿರುತ್ತಾರೆ. ನಾನು ಹೋದ ಸದ್ದಾದರೆ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಜಗಲಿಯಲ್ಲಿ ಕೂರಿಸಿ ಮಳೆ ಬೆಳೆಯ ಮಾತಾಡುತ್ತಾರೆ. ಏನು ಮಾಡ್ತಿದೀರಿ ಭಾವ ಎಂದರೆ, "ಎಂತದೂ ಇಲ್ಲ ಬಿಡು" ಅನ್ನುತ್ತಾರೆ. ಊರು ತುಂಬ ನೆಂಟರಿಷ್ಟರಿದ್ದೂ ಮೇಡಂ ಅಷ್ಟು ವರ್ಷ ಎಷ್ಟು ಒಂಟಿಯಾಗಿ ಬದುಕಿದ್ದರು ಎಂದು ನನಗೆ ಅರ್ಥವಾದದ್ದು ಆ ಜಗಲಿಯಲ್ಲಿ ಕೂತಾಗ. ಅವರಿದ್ದಾಗ ಅರ್ಥವಾಗಿದ್ದರೆ ಒಂದು ದಿನವಾದರೂ ನಾನೇ ಕಾಫಿ ಮಾಡಿ ಕೊಡುತ್ತಿದ್ದೆ.